ತುಳುಕದ ಲೋಟ

ಗೋಡೆಯ ಮೇಲೆ ದೇವರ ಪಟ, ಅದರ ಪಕ್ಕದಲ್ಲಿ ಕ್ಯಾಲೆಂಡರು, ಕ್ಯಾಲೆಂಡರಿನ ಕೆಳಗೆ ಕೆಂಪು ಬಣ್ಣದ ಒಂದು ಕಾರಿನ ಚಿತ್ರ. ದ್ವಿತೀಯ ಪಿಯುಸಿ ಮುಗಿಸಿ ಎಂಜಿನಿಯರಿಂಗ್ ಸೀಟಿಗಾಗಿ ಕಾಯುತ್ತಿದ್ದ ಹುಡುಗ ಅದನ್ನು ಅಂಟಿಸಿದ್ದ. ಅವನ ತಂದೆ ಸರ್ಕಾರಿ ಬಸ್ಸಿನ ಚಾಲಕರಾಗಿ ನಿವೃತ್ತರಾದವರು. ಮಡಿಕೇರಿಯಿಂದ ಸುಳ್ಯದ ಕಡೆಗೆ ಇಳಿಯುವ ಘಟ್ಟದ ರಸ್ತೆಯ ತಿರುವುಗಳೆಲ್ಲ ಅವರಿಗೆ ಅಂಗೈ ಗೆರೆಯಷ್ಟು ಪರಿಚಿತ. ಚಿತ್ರವನ್ನು ನೋಡಿ ಅವರು ಕೇಳಿದ ಮೊದಲ ಪ್ರಶ್ನೆ, ‘ಇದರಲ್ಲಿ ಎಷ್ಟು ಜನ ಕೂರಬಹುದೋ?’

‘ನಾಲ್ಕು ಜನ ಅಂತ ಬರೆದಿದೆ ಅಪ್ಪ. ಹಿಂದೆ ಕೂರುವವರಿಗೆ ಕಾಲು ಇರಬಾರದು, ಅಷ್ಟೆ.’

‘ಹಾಗಾದರೆ ಇದು ಯಾತಕ್ಕೆ?’

ಹುಡುಗ ಅಶ್ವಶಕ್ತಿ, ಸಿ.ಸಿ., ವೇಗ ಎಂದು ಅಂಕಿಗಳನ್ನು ಒಪ್ಪಿಸಿದ. ತಂದೆ ಸುಮ್ಮನೆ ಕೇಳಿಸಿಕೊಂಡರು. ಅವರ ಪ್ರಶ್ನೆಗೆ ಉತ್ತರ ಆ ಅಂಕಿಗಳಲ್ಲಿ ಇರಲಿಲ್ಲ. ಹುಡುಗನಿಗೆ ಹದಿನೆಂಟು ತುಂಬಿ ತಿಂಗಳಾಗಿತ್ತು. ಕಲಿಕಾ ಲೈಸೆನ್ಸು ಕೈಗೆ ಬಂದಿತ್ತು. ಚಿಕ್ಕಪ್ಪನ ಹಳೆಯ ಸಣ್ಣ ಕಾರನ್ನು ಎಂದು ಕೊಡುತ್ತೀರಿ ಎಂದು ಅವನು ದಿನವೂ ಕೇಳುತ್ತಿದ್ದ. ಎಷ್ಟೋ ಮನೆಗಳಲ್ಲಿ ತಂದೆ ತಾಯಿಯರ ನಿದ್ದೆ ಕೆಡಿಸುವ ಪ್ರಶ್ನೆಯಿದು. ವಿಚಿತ್ರವೆಂದರೆ, ಗೋಡೆಯ ಮೇಲಿದ್ದ ಆ ಕಾರಿನ ಕಥೆಯೊಳಗೇ ಇದಕ್ಕೆ ತಕ್ಕಮಟ್ಟಿನ ಉತ್ತರ ಅಡಗಿದೆ.

ಆ ಕಾರಿನ ಹೆಸರು ಟೊಯೋಟಾ 86. ಎರಡು ಬಾಗಿಲಿನ, ತಗ್ಗಾದ ಮಾಡಿನ ಸಣ್ಣ ಕಾರು. ಇಂಥವುಗಳನ್ನು ಕೂಪೆ ಎಂದು ಕರೆಯುತ್ತಾರೆ. 2012ರಲ್ಲಿ ಅದು ಜಪಾನಿನಲ್ಲಿ ಮಾರಾಟಕ್ಕೆ ಬಂತು. ಅದೇ ಕಾರು ಸುಬಾರು ಬಿಆರ್‌ಜಡ್ ಎಂಬ ಹೆಸರಿನಲ್ಲಿಯೂ ಬಂತು. ಆಗ ಅಮೆರಿಕದಲ್ಲಿ ಅದರ ಆರಂಭದ ಬೆಲೆ ಸುಮಾರು 25 ಸಾವಿರ ಡಾಲರು ಇತ್ತು. ಅಲ್ಲಿ ಅದು ಮಧ್ಯಮ ವರ್ಗದ ಕುಟುಂಬದ ಕಾರಿನ ಬೆಲೆಯೇ ಆಗಿತ್ತು. ಕ್ರೀಡಾ ಕಾರೆಂದರೆ ಕೋಟ್ಯಧೀಶರ ಆಟಿಕೆ ಎಂದು ತಿಳಿದವರಿಗೆ ಇದು ಅಚ್ಚರಿಯ ಸಂಗತಿ. ಆದರೆ ಇದಕ್ಕಿಂತ ದೊಡ್ಡ ಅಚ್ಚರಿ, ಅದನ್ನು ಕಟ್ಟಿದವರು ಬೇಕೆಂದೇ ಏನೇನನ್ನು ಬಿಟ್ಟರು ಎಂಬುದರಲ್ಲಿದೆ.

ಬಡ ಕಾರಿನ ಭಾಗ್ಯ

ಕಥೆ ಆರಂಭವಾಗುವುದು 1983ರಲ್ಲಿ. ಆ ಹೊತ್ತಿಗೆ ಜಗತ್ತಿನ ಸಣ್ಣ ಕಾರುಗಳೆಲ್ಲ ಒಂದೊಂದಾಗಿ ಮುಂದಿನ ಚಕ್ರಗಳಿಗೆ ಎಂಜಿನ್ನಿನ ಬಲವನ್ನು ಕೊಡುವ ಪದ್ಧತಿಗೆ ಬದಲಾಗುತ್ತಿದ್ದವು. ಎಂಜಿನ್ನನ್ನು ಅಡ್ಡಲಾಗಿ ಕೂರಿಸಿ, ಅಲ್ಲಿಯೇ ಗೇರ್‌ಬಾಕ್ಸನ್ನು ಜೋಡಿಸಿ, ಅಲ್ಲಿಯೇ ಚಕ್ರಗಳನ್ನು ತಿರುಗಿಸಿಬಿಟ್ಟರೆ ಹಿಂದಿನವರೆಗೆ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ಬೇಕಿಲ್ಲ. ಕಾರಿನ ನಡುವೆ ಉಬ್ಬು ಇರುವುದಿಲ್ಲ, ಜನ ಕೂರಲು ಹೆಚ್ಚು ಜಾಗ ಸಿಗುತ್ತದೆ, ತಯಾರಿಕೆಯ ಖರ್ಚೂ ಕಡಿಮೆ. ಕುಟುಂಬದ ಕಾರಿಗೆ ಇದು ಒಳ್ಳೆಯ ಪದ್ಧತಿ. ಟೊಯೋಟಾ ತನ್ನ ಪ್ರಸಿದ್ಧ ಕೊರೋಲಾ ಕಾರನ್ನೂ ಆ ವರ್ಷ ಹೀಗೆಯೇ ಬದಲಾಯಿಸಿತು.

ಆದರೆ ಅದೇ ಕೊರೋಲಾ ಕುಟುಂಬದ ಎರಡು ಕೂಪೆಗಳನ್ನು ಮಾತ್ರ ಹಳೆಯ ಪದ್ಧತಿಯಲ್ಲಿಯೇ ಉಳಿಸಲಾಯಿತು. ಕೊರೋಲಾ ಲೆವಿನ್, ಸ್ಪ್ರಿಂಟರ್ ಟ್ರುಯೆನೊ ಎಂಬವು ಅವುಗಳ ಹೆಸರು. ಹಿಂದಿನ ಪೀಳಿಗೆಯ ಕೊರೋಲಾದ ತಳಪಾಯವನ್ನೇ ಅವುಗಳಿಗೆ ಬಳಸಿಕೊಂಡದ್ದರಿಂದ ಎಂಜಿನ್ ಮುಂದೆ ಇತ್ತು, ಬಲ ಹಿಂದಿನ ಚಕ್ರಗಳಿಗೆ ಹೋಗುತ್ತಿತ್ತು. 1587 ಸಿ.ಸಿ. ಎಂಜಿನ್, 130 ಅಶ್ವಶಕ್ತಿ, ಕಾರಿನ ತೂಕ ಒಂದು ಟನ್ನಿಗಿಂತ ಕಡಿಮೆ. ಕಾರ್ಖಾನೆಯ ಸಂಕೇತ ಎಇ86. ಜಪಾನಿ ಭಾಷೆಯಲ್ಲಿ ಎಂಟು ಎಂದರೆ ಹಚಿ, ಆರು ಎಂದರೆ ರೊಕು. ಹಾಗಾಗಿ ಜನ ಅದನ್ನು ಪ್ರೀತಿಯಿಂದ ‘ಹಚಿರೊಕು’ ಎಂದು ಕರೆದರು.

1987ರಲ್ಲಿ ಅದರ ತಯಾರಿಕೆ ನಿಂತಿತು. ಕಾರು ಮಾತ್ರ ಜನರ ಮನಸ್ಸಿನಿಂದ ಹೋಗಲಿಲ್ಲ. ಹಳೆಯದಾದಂತೆ ಅದು ಅಗ್ಗವಾಯಿತು, ಕೈಯಲ್ಲಿ ಹೆಚ್ಚು ಹಣವಿಲ್ಲದ ಹುಡುಗರ ಪಾಲಾಯಿತು. ಎಂಜಿನ್ನಿನ ಬಲ ಹೆಚ್ಚಿರಲಿಲ್ಲವಾದ್ದರಿಂದ ತಿರುವಿನಲ್ಲಿ ಕಳೆದುಕೊಂಡ ವೇಗವನ್ನು ಮತ್ತೆ ಗಳಿಸುವುದು ಸುಲಭವಿರಲಿಲ್ಲ. ಇದ್ದ ವೇಗವನ್ನು ಜೋಪಾನ ಮಾಡುವುದನ್ನು ಚಾಲಕ ಕಲಿಯಲೇಬೇಕಾಗಿತ್ತು. ಜಿಪುಣನ ಮನೆಯಲ್ಲಿ ಬೆಳೆದವನಿಗೆ ದುಡ್ಡಿನ ಲೆಕ್ಕ ತಾನಾಗಿ ಬರುವಂತೆ, ಈ ಕಾರಿನಲ್ಲಿ ಕಲಿತವರಿಗೆ ವೇಗದ ಲೆಕ್ಕ ತಾನಾಗಿ ಬಂತು. ಕೇಯಿಚಿ ತ್ಸುಚಿಯಾ ಎಂಬ ಪ್ರಸಿದ್ಧ ರೇಸ್ ಚಾಲಕರ ಹೆಸರು ಇಂದಿಗೂ ಈ ಕಾರಿನೊಂದಿಗೇ ಸೇರಿಕೊಂಡಿದೆ.

ತೋಫು ಅಂಗಡಿಯ ಅಪ್ಪ

1995ರಲ್ಲಿ ಜಪಾನಿನ ವಾರಪತ್ರಿಕೆಯೊಂದರಲ್ಲಿ ‘ಇನಿಷಿಯಲ್ ಡಿ’ ಎಂಬ ಚಿತ್ರಕಥೆಯ ಧಾರಾವಾಹಿ ಆರಂಭವಾಯಿತು. ಬರೆದು ಚಿತ್ರಿಸಿದವರು ಶುಯಿಚಿ ಶಿಗೆನೊ. 2013ರವರೆಗೆ ಅದು ನಡೆಯಿತು. ಕಥೆಯ ನಾಯಕ ತೋಫು ಅಂಗಡಿಯವನ ಮಗ. ತೋಫು ಎಂದರೆ ಸೋಯಾ ಹಾಲಿನಿಂದ ಮಾಡುವ, ನೋಡಲು ಪನೀರಿನಂಥ, ಮುಟ್ಟಿದರೆ ಮುರಿಯುವ ಮೆದುವಾದ ಗಟ್ಟಿ. ನಸುಕಿನಲ್ಲಿ ಬೆಟ್ಟದ ಮೇಲಿನ ಹೋಟೆಲಿಗೆ ಅದನ್ನು ತಲುಪಿಸಿ ಬರುವುದು ಹುಡುಗನ ಕೆಲಸ. ವಾಹನ, ಮನೆಯಲ್ಲಿದ್ದ ಹಳೆಯ ಟ್ರುಯೆನೊ, ಅಂದರೆ ಹಚಿರೊಕು. ತಂದೆ ಅವನಿಗೆ ಚಾಲನೆಯ ಪಾಠವನ್ನೇನೂ ಹೇಳುವುದಿಲ್ಲ. ಒಂದು ಲೋಟದಲ್ಲಿ ನೀರು ತುಂಬಿಸಿ ಕಾರಿನಲ್ಲಿಡುತ್ತಾನೆ. ಅದು ಚೆಲ್ಲದಂತೆ ಹೋಗಿ ಬಾ ಎನ್ನುತ್ತಾನೆ.

ಇದು ಕಥೆ. ಹುಡುಗ ಏಳನೆಯ ತರಗತಿಯಲ್ಲಿದ್ದಾಗಲೇ ಕಾರು ಓಡಿಸುತ್ತಿದ್ದನೆಂದು ಅದರಲ್ಲಿ ಬರುತ್ತದೆ. ನಿಜ ಜೀವನದಲ್ಲಿ ಅದು ಅಪರಾಧ. ಜಪಾನಿನಲ್ಲಿಯೂ ಕಾರಿನ ಲೈಸೆನ್ಸಿಗೆ ಹದಿನೆಂಟು ತುಂಬಲೇಬೇಕು. ಆದರೆ ಲೋಟದ ನೀರಿನಲ್ಲಿರುವ ಭೌತಶಾಸ್ತ್ರ ಮಾತ್ರ ಅಪ್ಪಟ ನಿಜ. ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು.

ಒಂದು ತಿರುವಿನ ತ್ರಿಜ್ಯ 50 ಮೀಟರು ಎಂದಿಟ್ಟುಕೊಳ್ಳಿ. ಕಾರು ಗಂಟೆಗೆ 36 ಕಿ.ಮೀ., ಅಂದರೆ ಸೆಕೆಂಡಿಗೆ 10 ಮೀಟರು ವೇಗದಲ್ಲಿ ತಿರುಗುತ್ತಿದೆ. ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದರೆ ಕೇಂದ್ರಾಭಿಮುಖ ವೇಗೋತ್ಕರ್ಷ ಸಿಗುತ್ತದೆ. ನೂರನ್ನು ಐವತ್ತರಿಂದ ಭಾಗಿಸಿದರೆ ಎರಡು. ಗುರುತ್ವದ ವೇಗೋತ್ಕರ್ಷ 9.8. ಆದ್ದರಿಂದ ಇದು ಅದರ ಸುಮಾರು ಐದನೆಯ ಒಂದು ಪಾಲು. ಲೋಟದ ನೀರಿನ ಮೇಲ್ಮೈ ಅದೇ ಪ್ರಮಾಣದಲ್ಲಿ ಓರೆಯಾಗುತ್ತದೆ. ಲೋಟದ ಬಾಯಿ 8 ಸೆಂ.ಮೀ. ಅಗಲವಿದ್ದರೆ ನಡುವಿನಿಂದ ಅಂಚಿಗೆ 4 ಸೆಂ.ಮೀ. ಹೊರ ಅಂಚಿನಲ್ಲಿ ನೀರು ಸುಮಾರು 0.8 ಸೆಂ.ಮೀ. ಏರುತ್ತದೆ.

ಇನ್ನು ವೇಗವನ್ನು 54 ಕಿ.ಮೀ.ಗೆ ಏರಿಸಿ. ಸೆಕೆಂಡಿಗೆ 15 ಮೀಟರು. ವೇಗೋತ್ಕರ್ಷ 4.5 ಆಗುತ್ತದೆ. ನೀರು ಏರುವುದು 1.8 ಸೆಂ.ಮೀ. ವೇಗ ಒಂದೂವರೆ ಪಟ್ಟು, ನೀರಿನ ಏರಿಕೆ ಎರಡೂಕಾಲು ಪಟ್ಟು! ವೇಗವನ್ನು 72ಕ್ಕೆ ಒಯ್ದರೆ ವೇಗೋತ್ಕರ್ಷ 8 ಆಗುತ್ತದೆ, ಮೊದಲಿನದರ ನಾಲ್ಕು ಪಟ್ಟು. ‘ಸ್ವಲ್ಪವೇ ಜೋರಾಗಿ ಹೋಗುತ್ತಿದ್ದೆ’ ಎನ್ನುವ ಮಾತು ತಿರುವಿನಲ್ಲಿ ಏಕೆ ನಡೆಯುವುದಿಲ್ಲ ಎಂಬುದಕ್ಕೆ ಇದೇ ಸಮಾಧಾನ.

ಇದರ ಜೊತೆಗೆ ಇನ್ನೊಂದು ವಿಷಯವಿದೆ. ಸ್ಟೀರಿಂಗನ್ನು ಮೆಲ್ಲನೆ ತಿರುಗಿಸಿದರೆ ನೀರು ಮೆಲ್ಲನೆ ಓರೆಯಾಗಿ, ಆ ಓರೆಯಲ್ಲಿಯೇ ನಿಲ್ಲುತ್ತದೆ. ದಿಢೀರನೆ ತಿರುಗಿಸಿದರೆ ನೀರು ತನ್ನ ಸಮತೋಲದ ಗೆರೆಯನ್ನು ದಾಟಿ, ಹೆಚ್ಚುಕಡಿಮೆ ಅದರ ಎರಡರಷ್ಟು ಎತ್ತರಕ್ಕೆ ಚಿಮ್ಮಿ, ಮತ್ತೆ ಹಿಂದಕ್ಕೆ ಬೀಳುತ್ತದೆ. ಅದೇ ತಿರುವು, ಅದೇ ವೇಗ. ಒಬ್ಬನ ಲೋಟ ತುಳುಕುವುದಿಲ್ಲ, ಇನ್ನೊಬ್ಬನ ಲೋಟ ಚೆಲ್ಲುತ್ತದೆ. ವ್ಯತ್ಯಾಸ ಕೈಯಲ್ಲಿದೆ. ಸ್ಪ್ರಿಂಗುಗಳ ಮೇಲೆ ಕುಳಿತಿರುವ ಕಾರಿನ ದೇಹವೂ ಲೋಟದ ನೀರಿನ ಹಾಗೆಯೇ ವರ್ತಿಸುತ್ತದೆ. ಆ ತಂದೆ ಅಳೆಯುತ್ತಿದ್ದುದು ನೀರನ್ನಲ್ಲ, ಮಗನ ಕೈಯನ್ನು.

‘ತುಂಬಿದ ಕೊಡ ತುಳುಕುವುದಿಲ್ಲ’ ಎಂಬ ಗಾದೆಯಲ್ಲಿಯೂ ಇದೇ ವಿಜ್ಞಾನವಿದೆ. ಕೊಡ ಕಂಠದವರೆಗೆ ತುಂಬಿದ್ದರೆ ನೀರು ಆಡುವುದಕ್ಕೆ ಕಿರಿದಾದ ಕಂಠದಷ್ಟೇ ಜಾಗ. ಅರ್ಧ ತುಂಬಿದ್ದರೆ ಹೊಟ್ಟೆಯಷ್ಟು ಅಗಲದ ಜಾಗ. ಟ್ಯಾಂಕರ್ ಲಾರಿಗಳ ಒಳಗೆ ಅಡ್ಡಗೋಡೆಗಳನ್ನು ಹಾಕುವುದೂ ಇದೇ ಕಾರಣಕ್ಕೆ.

ಮೂರು ‘ಬೇಡ’ಗಳು

2007ರಲ್ಲಿ ಟೊಯೋಟಾ ಕಂಪನಿಯ ಎಂಜಿನಿಯರ್ ತೆತ್ಸುಯಾ ತಾದಾ ಅವರಿಗೆ ಒಂದು ಹೊಸ ಹೊಣೆ ಬಂತು. ಅದುವರೆಗೆ ಅವರು ಮಾಡಿದ್ದು ಕುಟುಂಬಗಳು ಕೊಳ್ಳುವ ಸಾಧಾರಣ ವಾಹನಗಳ ಕೆಲಸ. ಅದಕ್ಕೂ ಮೊದಲು ಬ್ರೇಕ್ ಹಾಕಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್ ವ್ಯವಸ್ಥೆಯ ಮೇಲೆ ದುಡಿದಿದ್ದರು. ಈಗ ಬಂದ ಆದೇಶ, ಯುವಕರು ಕೊಳ್ಳಬಹುದಾದ ಒಂದು ಕ್ರೀಡಾ ಕಾರನ್ನು ಮಾಡಬೇಕು.

ಅಂದಿನ ಕ್ರೀಡಾ ಕಾರುಗಳ ದಾರಿ ಎಲ್ಲರಿಗೂ ಗೊತ್ತಿದ್ದದ್ದೇ. ಟರ್ಬೊ ಹಾಕಿ ಎಂಜಿನ್ನಿನ ಬಲ ಏರಿಸುವುದು, ಆ ಬಲವನ್ನು ತಡೆದುಕೊಳ್ಳಲು ನಾಲ್ಕೂ ಚಕ್ರಗಳಿಗೆ ಹಂಚುವುದು, ನೆಲವನ್ನು ಕಚ್ಚಿ ಹಿಡಿಯುವ ದುಬಾರಿ ಅಗಲ ಟೈರುಗಳನ್ನು ತೊಡಿಸುವುದು. ಇದರಿಂದ ವೇಗವೇನೋ ಹೆಚ್ಚುತ್ತಿತ್ತು. ಜೊತೆಗೆ ತೂಕವೂ ಬೆಲೆಯೂ ಏರುತ್ತಿದ್ದವು, ಯುವಕರು ದೂರವಾಗುತ್ತಿದ್ದರು. ತಾದಾ ಅವರು ಈ ಮೂರನ್ನೂ ಬೇಡವೆಂದರು. ಟರ್ಬೊ ಬೇಡ, ನಾಲ್ಕು ಚಕ್ರಗಳ ಚಾಲನೆ ಬೇಡ, ವಿಶೇಷ ಹಿಡಿತದ ಟೈರು ಬೇಡ. ಹಚಿರೊಕುವಿನ ನೆನಪಿಗಾಗಿ ಹೊಸ ಕಾರಿಗೂ 86 ಎಂದೇ ಹೆಸರಾಯಿತು.

ಎಂಜಿನ್ ಬಂದದ್ದು ಸುಬಾರು ಕಾರುಗಳನ್ನು ತಯಾರಿಸುತ್ತಿದ್ದ ಫ್ಯೂಜಿ ಹೆವಿ ಇಂಡಸ್ಟ್ರೀಸ್ ಕಂಪನಿಯಿಂದ. ಟೊಯೋಟಾ 2005ರಲ್ಲಿ ಅದರ ಪಾಲುದಾರನಾಗಿತ್ತು. ಸುಬಾರುವಿನ ವಿಶೇಷತೆ ಬಾಕ್ಸರ್ ಎಂಜಿನ್. ಸಾಮಾನ್ಯ ಎಂಜಿನ್ನಿನಲ್ಲಿ ಸಿಲಿಂಡರುಗಳು ನೆಟ್ಟಗೆ ನಿಂತಿರುತ್ತವೆ. ಇದರಲ್ಲಿ ಎಡಕ್ಕೆ ಎರಡು, ಬಲಕ್ಕೆ ಎರಡು ಮಲಗಿರುತ್ತವೆ. ಇಬ್ಬರು ಮುಷ್ಟಿಕಾಳಗದವರು ಎದುರುಬದುರಾಗಿ ಕೈ ಚಾಚಿ ಎಳೆದುಕೊಂಡಂತೆ ಪಿಸ್ಟನ್ನುಗಳು ಚಲಿಸುವುದರಿಂದ ಆ ಹೆಸರು. ಒಂದರ ಅಲುಗಾಟವನ್ನು ಎದುರಿನದು ಬಹುಮಟ್ಟಿಗೆ ಸರಿದೂಗಿಸುತ್ತದೆ. ಎಂಜಿನ್ ಚಪ್ಪಟೆಯಾಗಿ ತಗ್ಗಿನಲ್ಲಿ ಕೂರುತ್ತದೆ. ಟೊಯೋಟಾಕ್ಕೂ ಇದು ತೀರಾ ಹೊಸತಲ್ಲ. 1965ರ ಅದರ ಪುಟ್ಟ ಕಾರು ಸ್ಪೋರ್ಟ್ಸ್ 800ರಲ್ಲಿ ಎರಡು ಸಿಲಿಂಡರಿನ ಬಾಕ್ಸರ್ ಎಂಜಿನ್ನೇ ಇತ್ತು.

86 ಎಂಬ ಸಂಖ್ಯೆ ಎಂಜಿನ್ನಿನೊಳಗೂ ಇದೆ. ಸಿಲಿಂಡರಿನ ವ್ಯಾಸ 86 ಮಿ.ಮೀ., ಪಿಸ್ಟನ್ ಚಲಿಸುವ ದೂರವೂ 86 ಮಿ.ಮೀ. ಹತ್ತನೆಯ ತರಗತಿಯ ಸಿಲಿಂಡರಿನ ಘನಫಲದ ಸೂತ್ರವನ್ನು ಹಾಕಿ ನಾಲ್ಕರಿಂದ ಗುಣಿಸಿದರೆ 1998 ಘನ ಸೆಂ.ಮೀ. ಬರುತ್ತದೆ. ಕಂಪನಿಯ ಕೈಪಿಡಿಯಲ್ಲಿರುವ ಸಿ.ಸಿ. ಅದೇ. ನಿಮಿಷಕ್ಕೆ 7,000 ಸುತ್ತುಗಳಲ್ಲಿ 200 ಅಶ್ವಶಕ್ತಿ. ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗ ತಲುಪಲು 7.6 ಸೆಕೆಂಡು. ಕ್ರೀಡಾ ಕಾರಿನ ಮಟ್ಟಿಗೆ ಇದು ಹೇಳಿಕೊಳ್ಳುವಂಥದ್ದಲ್ಲ.

ಕಾರಿನ ಜೋಡಣೆ ನಡೆದದ್ದು ಗುನ್ಮಾ ಪ್ರಾಂತದ ಓತಾ ನಗರದ ಸುಬಾರು ಕಾರ್ಖಾನೆಯಲ್ಲಿ. ತೋಫು ಹುಡುಗನ ಕಥೆ ನಡೆಯುವ ಬೆಟ್ಟಕ್ಕೆ ಮಾದರಿಯಾದ ಹರುನಾ ಪರ್ವತ ಇರುವುದೂ ಅದೇ ಗುನ್ಮಾ ಪ್ರಾಂತದಲ್ಲಿ.

ಮೊಣಕಾಲೆತ್ತರದ ಗುಟ್ಟು

ಹಾಗಾದರೆ ಈ ಕಾರಿನಲ್ಲಿ ಇರುವುದೇನು? ಮೊದಲನೆಯದು ಗುರುತ್ವಕೇಂದ್ರ. ಟೊಯೋಟಾ ಹೇಳುವಂತೆ ನೆಲದಿಂದ ಅದರ ಎತ್ತರ 460 ಮಿ.ಮೀ., ಸುಮಾರು ಮೊಣಕಾಲಿನಷ್ಟು. ತಿರುವಿನಲ್ಲಿ ಕಾರಿನ ತೂಕ ಒಳಗಿನ ಚಕ್ರಗಳಿಂದ ಹೊರಗಿನ ಚಕ್ರಗಳ ಮೇಲೆ ವಾಲುತ್ತದೆ. ಎಷ್ಟು ವಾಲುತ್ತದೆ ಎಂಬುದು ಗುರುತ್ವಕೇಂದ್ರದ ಎತ್ತರವನ್ನು ಎಡಬಲ ಚಕ್ರಗಳ ನಡುವಿನ ಅಂತರದಿಂದ ಭಾಗಿಸಿದಾಗ ಬರುವ ಅಂಕಿಯ ಮೇಲೆ ನಿಂತಿದೆ. ಈ ಕಾರಿನಲ್ಲಿ ಆ ಅಂತರ ಸುಮಾರು 1.53 ಮೀಟರು. ಗುರುತ್ವದ 0.8 ಪಾಲಿನಷ್ಟು ವೇಗೋತ್ಕರ್ಷದ ತಿರುವಿನಲ್ಲಿ ಒಟ್ಟು ತೂಕದ ಶೇಕಡಾ 24ರಷ್ಟು ಹೊರಗಿನ ಚಕ್ರಗಳಿಗೆ ಸರಿಯುತ್ತದೆ. ಕಾರು 1,240 ಕಿಲೊ ಎಂದಿಟ್ಟುಕೊಂಡರೆ ಸುಮಾರು 300 ಕಿಲೊ. ಗುರುತ್ವಕೇಂದ್ರ 9 ಸೆಂ.ಮೀ. ಮೇಲಿದ್ದಿದ್ದರೆ ಇದು ಸುಮಾರು 350 ಕಿಲೊ ದಾಟುತ್ತಿತ್ತು. ಒಂದು ಗೇಣಿಗಿಂತ ಕಡಿಮೆ ಎತ್ತರದ ವ್ಯತ್ಯಾಸಕ್ಕೆ ಅಕ್ಕಿಯ ದೊಡ್ಡದೊಂದು ಮೂಟೆಯಷ್ಟು ಭಾರ ಆಚೆಯಿಂದ ಈಚೆಗೆ!

ಎರಡನೆಯದು ಭಾರದ ಹಂಚಿಕೆ. ಮುಂದಿನ ಚಕ್ರಗಳ ಮೇಲೆ ಶೇಕಡಾ 53, ಹಿಂದಿನವುಗಳ ಮೇಲೆ 47. ಭಾರವಾದ ಎಂಜಿನ್ನನ್ನು ಮೂತಿಯ ತುದಿಯಲ್ಲಿಡದೆ ಸಾಧ್ಯವಾದಷ್ಟು ಹಿಂದಕ್ಕೆ ಸರಿಸಿ ಕೂರಿಸಿದ್ದಾರೆ. ಕಾವಡಿಯ ಎರಡು ತುದಿಗೆ ಎರಡು ಕೊಡ ಕಟ್ಟಿ ಹೆಗಲ ಮೇಲಿಟ್ಟು ಥಟ್ಟನೆ ತಿರುಗಿ ನೋಡಿ, ತಿರುಗುವುದೂ ಕಷ್ಟ, ನಿಲ್ಲುವುದೂ ಕಷ್ಟ. ಅವೇ ಕೊಡಗಳನ್ನು ಎದೆಗವಚಿಕೊಂಡರೆ ಸುಲಭವಾಗಿ ತಿರುಗಬಹುದು. ಭಾರ ನಡುವಿಗೆ ಬಂದಷ್ಟೂ ಕಾರು ಕೈಯ ಮಾತನ್ನು ಬೇಗ ಕೇಳುತ್ತದೆ.

ಮೂರನೆಯದು ಕೆಲಸದ ಹಂಚಿಕೆ. ಒಂದೊಂದು ಟೈರೂ ನೆಲವನ್ನು ಮುಟ್ಟುವುದು ಅಂಗೈಯಷ್ಟಗಲ ಜಾಗದಲ್ಲಿ. ಅಲ್ಲಿನ ಘರ್ಷಣೆಯೇ ಟೈರಿನ ತಿಂಗಳ ಸಂಬಳ. ಬ್ರೇಕಿಗೂ ತಿರುವಿಗೂ ವೇಗ ಏರಿಸುವುದಕ್ಕೂ ಖರ್ಚು ಅದರಲ್ಲಿಯೇ ಹೊಂದಿಸಬೇಕು. ಆದರೆ ಲೆಕ್ಕ ನೇರ ಕೂಡುವಿಕೆಯಲ್ಲ, ಪೈಥಾಗೊರಸನ ತ್ರಿಕೋನದ್ದು. ಹಿಡಿತದ ಶೇಕಡಾ 80ನ್ನು ತಿರುವಿಗೆ ಕೊಟ್ಟರೆ ಬ್ರೇಕಿಗೆ ಶೇಕಡಾ 60 ಉಳಿಯುತ್ತದೆ. ಪೂರ್ತಿ ತಿರುವಿಗೇ ಕೊಟ್ಟರೆ ಬ್ರೇಕಿಗೆ ಸೊನ್ನೆ. ತಿರುವಿನ ನಡುವೆ ಗಾಬರಿಯಿಂದ ಬ್ರೇಕ್ ಒತ್ತಿದ ಕಾರು ಏಕೆ ಜಾರುತ್ತದೆ ಎಂಬುದಕ್ಕೆ ವಿವರಣೆ ಇಷ್ಟೇ. ಮುಂದಿನ ಚಕ್ರಗಳಿಗೇ ಬಲ ಹೋಗುವ ಕಾರಿನಲ್ಲಿ ತಿರುಗಿಸುವುದು, ಎಳೆಯುವುದು ಎರಡೂ ಒಂದೇ ಜೋಡಿ ಟೈರಿನ ಮೇಲೆ ಬೀಳುತ್ತವೆ. 86ರಲ್ಲಿ ಮುಂದಿನವು ದಾರಿ ತೋರಿಸುತ್ತವೆ, ಹಿಂದಿನವು ನೂಕುತ್ತವೆ. ಹಾಗಾಗಿ ಮುಂದಿನ ಟೈರಿನ ಮಾತು ಸ್ಟೀರಿಂಗಿನ ಮೂಲಕ ಕೈಗೆ ಹೆಚ್ಚು ಸ್ಪಷ್ಟವಾಗಿ ಕೇಳಿಸುತ್ತದೆ.

ನಾಲ್ಕನೆಯದೇ ಬಹುಮುಖ್ಯ. 86ಕ್ಕೆ ತೊಡಿಸಿದ 17 ಅಂಗುಲದ ಟೈರುಗಳು ಸಾಧಾರಣದವು. ಇಂಧನ ಉಳಿತಾಯಕ್ಕೆ ಹೆಸರಾದ ಪ್ರಿಯಸ್ ಕಾರಿನ ಕೆಲವು ಮಾದರಿಗಳಲ್ಲಿಯೂ ಅದೇ ಬಗೆಯವು ಇದ್ದವು. ಕ್ರೀಡಾ ಕಾರಿಗೆ ಇಂಥ ಟೈರೇ ಎಂದು ನಕ್ಕವರುಂಟು. ಆದರೆ ಲೆಕ್ಕ ನೋಡಿ. ಅದೇ 50 ಮೀಟರಿನ ತಿರುವಿನಲ್ಲಿ ಟೈರಿನ ಘರ್ಷಣಾ ಗುಣಾಂಕ 1 ಎಂದಿಟ್ಟುಕೊಂಡರೆ ಹಿಡಿತ ತಪ್ಪುವುದು ಗಂಟೆಗೆ 80 ಕಿ.ಮೀ. ವೇಗದಲ್ಲಿ. ಗುಣಾಂಕ 0.8 ಆದರೆ 71ರಲ್ಲಿ. ಚಲನಶಕ್ತಿ ವೇಗದ ವರ್ಗವನ್ನು ಅನುಸರಿಸುವುದರಿಂದ ಎರಡನೆಯ ಕಾರು ಜಾರಿದಾಗ ಅದರಲ್ಲಿರುವ ಶಕ್ತಿ ಐದನೆಯ ಒಂದು ಪಾಲು ಕಡಿಮೆ. ಅಂದರೆ ಆ ಎಂಜಿನಿಯರು ಕಾರಿನ ಮಿತಿಯನ್ನು ಬೇಕೆಂದೇ ಕೆಳಗೆ ತಂದರು. ರೇಸಿನ ಅಂಗಳದಲ್ಲಿ ಕಲಿಯುವವನಿಗೆ ಮಿತಿ ಬೇಗ ಸಿಗಬೇಕು, ಮೆಲ್ಲಗೆ ಸಿಗಬೇಕು, ತಪ್ಪಿದರೆ ತಿದ್ದಿಕೊಳ್ಳಲು ಹೊತ್ತಿರಬೇಕು. ನೆಲವನ್ನು ಕಚ್ಚಿ ಹಿಡಿಯುವ ಟೈರು ಕೊನೆಯವರೆಗೆ ಸುಮ್ಮನಿದ್ದು, ಬಹಳ ಮೇಲಿನ ವೇಗದಲ್ಲಿ ಒಮ್ಮೆಗೇ ಕೈಬಿಟ್ಟರೆ ಹೊಸಬ ಏನು ಮಾಡಿಯಾನು?

ಚಿಕ್ಕ ತಪ್ಪುಗಳನ್ನು ಚಿಕ್ಕವಾಗಿರುವಾಗಲೇ ತೋರಿಸಿಕೊಡುವ ಕಾರು ಇದು. ಈಜು ಕಲಿಸುವವರು ಮಗುವನ್ನು ಮೊದಲು ಇಳಿಸುವುದು ಸೊಂಟ ಮುಳುಗುವ ನೀರಿಗೆ. ಶಾಲೆಯಲ್ಲಿ ಕಿರುಪರೀಕ್ಷೆಗಳನ್ನು ಇಡುವುದೂ ಇದೇ ಕಾರಣಕ್ಕೆ. ವಾರ್ಷಿಕ ಪರೀಕ್ಷೆಯಲ್ಲಿ ಗೊತ್ತಾಗುವ ತಪ್ಪಿಗಿಂತ ಜುಲೈ ತಿಂಗಳಲ್ಲಿ ಗೊತ್ತಾಗುವ ತಪ್ಪು ಅಗ್ಗ.

ಕೊರತೆ ಇಲ್ಲದ್ದಲ್ಲ

ಹಾಗೆಂದು ಕಾರಿನಲ್ಲಿ ಹುಳುಕೇ ಇರಲಿಲ್ಲವೆಂದಲ್ಲ. ಎಂಜಿನ್ ನಿಮಿಷಕ್ಕೆ ಸುಮಾರು 3,500ರಿಂದ 4,500 ಸುತ್ತುಗಳ ನಡುವೆ ಇರುವಾಗ ಅದರ ತಿರುಚುಬಲ ಕುಗ್ಗುತ್ತಿತ್ತು. ದಿನನಿತ್ಯದ ಚಾಲನೆಯಲ್ಲಿ ಬಲ ಬೇಕಾಗುವುದು ಅಲ್ಲಿಯೇ. ವರ್ಷಗಟ್ಟಲೆ ಕೊಂಡವರೂ ವಿಮರ್ಶಕರೂ ಇದನ್ನು ಹೇಳುತ್ತಲೇ ಬಂದರು. 2021ರಲ್ಲಿ ಜಿಆರ್86 ಎಂಬ ಹೆಸರಿನಲ್ಲಿ ಎರಡನೆಯ ಪೀಳಿಗೆಯ ಕಾರು ಅನಾವರಣಗೊಂಡಾಗ ಅದಕ್ಕೆ ಉತ್ತರ ಸಿಕ್ಕಿತು. ಈ ಸಲವೂ ಟರ್ಬೊ ಹಾಕಲಿಲ್ಲ. ಸಿಲಿಂಡರಿನ ವ್ಯಾಸವನ್ನು 86ರಿಂದ 94 ಮಿ.ಮೀ.ಗೆ ಹಿಗ್ಗಿಸಿದರು. ಸಾಮರ್ಥ್ಯ 2387 ಸಿ.ಸಿ. ಆಯಿತು. ಗರಿಷ್ಠ ತಿರುಚುಬಲ 205ರಿಂದ 250 ನ್ಯೂಟನ್ ಮೀಟರಿಗೆ ಏರಿತು. ಮೊದಲು ಅದು 6,400 ಸುತ್ತುಗಳಿಗೆ ಸಿಗುತ್ತಿದ್ದರೆ ಈಗ 3,700ಕ್ಕೇ ಸಿಗುತ್ತದೆ. ಮೊದಲ ಕಾರನ್ನು ಕಟ್ಟಿದ ತಾದಾ ಅವರು ಅದೇ ವರ್ಷ ನಿವೃತ್ತರಾದರು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಈ ಕಾರು ಹೆಸರು ಮಾಡಿದ್ದು ಹಿಂದಿನ ಚಕ್ರಗಳನ್ನು ಬೇಕೆಂದೇ ಜಾರಿಸುತ್ತ ಓಡಿಸುವ ಡ್ರಿಫ್ಟ್ ಎಂಬ ವಿದ್ಯೆಯಲ್ಲಿ. ಅದಕ್ಕೆ ಬೇರೆಯೇ ಅಂಗಳಗಳಿವೆ, ಹೆಲ್ಮೆಟ್ ಇದೆ, ಎದುರಿನಿಂದ ವಾಹನ ಬರುವುದಿಲ್ಲ. ಸಾರ್ವಜನಿಕ ರಸ್ತೆಯಲ್ಲಿ ತಿರುವಿನಾಚೆ ಹಾಲಿನ ಕ್ಯಾನು ಹೇರಿಕೊಂಡ ಸೈಕಲ್ಲು ಇರಬಹುದು, ಶಾಲೆಗೆ ಹೊರಟ ಮಕ್ಕಳಿರಬಹುದು. ಮಳೆಯಲ್ಲಿ ಘರ್ಷಣಾ ಗುಣಾಂಕ 0.5ಕ್ಕೆ ಇಳಿಯಿತೆನ್ನಿ, ಮೇಲಿನ ತಿರುವಿನ ಮಿತಿ 56 ಕಿ.ಮೀ.ಗೆ ಬಂದು ನಿಲ್ಲುತ್ತದೆ. ಯಾವ ಕಾರಿನ ಯಾವ ಹೆಸರೂ ಆ ಅಂಕಿಯನ್ನು ಮೇಲೇರಿಸಲಾರದು.

ಪಾಲಕರಿಗೂ ಒಂದು ಮಾತು. ಭಾರತದಲ್ಲಿ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅಪ್ರಾಪ್ತ ವಯಸ್ಸಿನವರು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರನ್ನು ಅಥವಾ ವಾಹನದ ಮಾಲೀಕರನ್ನು ಹೊಣೆ ಮಾಡಲಾಗುತ್ತದೆ. ಮೂರು ವರ್ಷಗಳವರೆಗೆ ಸೆರೆವಾಸ, 25,000 ರೂಪಾಯಿ ದಂಡ, ಹನ್ನೆರಡು ತಿಂಗಳು ವಾಹನದ ನೋಂದಣಿ ರದ್ದು. ತಪ್ಪಿತಸ್ಥ ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸಿಲ್ಲ. ಕಥೆಯ ತೋಫು ಅಂಗಡಿಯವನು ಇಲ್ಲಿದ್ದಿದ್ದರೆ ಅಂಗಡಿಯ ಬಾಗಿಲು ಮುಚ್ಚಿರುತ್ತಿತ್ತು.

ಹಿಂದಿನ ಸೀಟಿನ ಅಜ್ಜಿ

ಹುಡುಗ ಇಷ್ಟನ್ನೂ ತಂದೆಗೆ ಹೇಳಿದ್ದು ಒಂದೇ ದಿನವಲ್ಲ. ಊಟಕ್ಕೆ ಕುಳಿತಾಗ ಸ್ವಲ್ಪ, ಕರೆಂಟು ಹೋದಾಗ ಸ್ವಲ್ಪ. ಅಶ್ವಶಕ್ತಿಯ ಮಾತಿಗೆ ತಲೆಯೆತ್ತದ ತಂದೆ ಲೋಟದ ನೀರಿನ ಮಾತು ಬಂದಾಗ ಕೈಯಲ್ಲಿದ್ದ ತುತ್ತನ್ನು ಹಾಗೆಯೇ ಹಿಡಿದು ಕೇಳಿದರು.

‘ನಮಗೆ ಲೋಟ ಇರಲಿಲ್ಲ. ರಾತ್ರಿ ಬಸ್ಸು. ಐವತ್ತು ಜನ ನಿದ್ದೆಯಲ್ಲಿ ಇರುತ್ತಿದ್ದರು. ತಿರುವಿನಲ್ಲಿ ಒಬ್ಬರ ತಲೆ ಕಿಟಕಿಗೆ ಬಡಿದರೂ ಕನ್ನಡಿಯಲ್ಲಿ ಕಾಣುತ್ತಿತ್ತು. ಎಲ್ಲೋ ಬ್ರೇಕು ತಡವಾಯಿತು ಅಂತ ಅರ್ಥ’ ಎಂದರು.

ಹುಡುಗ ಅಪ್ಪನನ್ನು ಹೊಸಬರನ್ನು ನೋಡುವಂತೆ ನೋಡಿದ. ಮೊಬೈಲಿನಲ್ಲಿ ತಿಂಗಳುಗಟ್ಟಲೆ ಹುಡುಕಿ ಓದಿದ್ದು ಮನೆಯಲ್ಲಿಯೇ ಖಾಕಿ ಅಂಗಿ ತೊಟ್ಟು ಓಡಾಡಿಕೊಂಡಿತ್ತು. ಅಪ್ಪನಿಗೆ ಸೂತ್ರ ಗೊತ್ತಿರಲಿಲ್ಲ, ಮಗನಿಗೆ ರಸ್ತೆ ಗೊತ್ತಿರಲಿಲ್ಲ. ಎರಡೂ ಒಂದೇ ಲೆಕ್ಕದ ಎರಡು ಮಗ್ಗುಲುಗಳೆಂದು ಅಂದು ಇಬ್ಬರಿಗೂ ತಿಳಿಯಿತು.

ಮುಂದಿನ ಭಾನುವಾರ ಬೆಳಿಗ್ಗೆ ಚಿಕ್ಕಪ್ಪನ ಕಾರು ಮನೆಯ ಮುಂದೆ ಬಂದು ನಿಂತಿತು. 86ರ ಮುಂದೆ ಅದು ಏನೂ ಅಲ್ಲ. ಅದರ ಬಲ ಮುಂದಿನ ಚಕ್ರಗಳಿಗೆ, ಬಾಗಿಲು ಎರಡು ಸಲ ಎಳೆದರೆ ಮುಚ್ಚುತ್ತದೆ. ಆದರೆ ಕಲಿಯುವವನಿಗೆ ಬೇಕಾದ ದೊಡ್ಡ ಗುಣವೊಂದು ಅದಕ್ಕಿತ್ತು. ಅದರಲ್ಲಿ ಹೆಚ್ಚು ಬಲವಿರಲಿಲ್ಲ. ತಂದೆ ಕಲಿಕೆಯ ‘ಎಲ್’ ಫಲಕವನ್ನು ಗಾಜಿಗೆ ಅಂಟಿಸಿ, ಪಕ್ಕದ ಸೀಟಿನಲ್ಲಿ ಕುಳಿತರು. ಹುಡುಗ ನಗುತ್ತ ಕೇಳಿದ, ‘ಅಪ್ಪ, ಲೋಟ ತರಲಾ?’

‘ಲೋಟ ಬೇಡ, ಕಣ್ಣೆಲ್ಲ ಅದರ ಮೇಲೇ ಇರುತ್ತದೆ. ಅಜ್ಜಿಯನ್ನು ಕರೆದುಕೊಂಡು ಬಾ. ಹಿಂದೆ ಕೂರಿಸು. ಕೆರೆ ಏರಿ ದಾಟಿ ದೇವಸ್ಥಾನದವರೆಗೆ ಹೋಗಿ ಬರೋಣ. ವಾಪಸು ಬರುವಾಗ ಅವರಿಗೆ ನಿದ್ದೆ ಹತ್ತಿರಬೇಕು.’

ಮೊದಲ ದಿನ ಅಜ್ಜಿಗೆ ನಿದ್ದೆ ಹತ್ತಲಿಲ್ಲ. ಹೋಗುವಾಗ ಒಮ್ಮೆ, ಬರುವಾಗ ಎರಡು ಸಲ ‘ಶಿವನೇ’ ಎಂದರು. ಹುಡುಗ ಮನೆಗೆ ಬಂದವನೇ ಆ ಮೂರು ಜಾಗಗಳನ್ನು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡ. ಮೊದಲನೆಯದು ಕೆರೆ ಏರಿಯ ತಿರುವು. ಅಲ್ಲಿ ಬ್ರೇಕು ತಡವಾಗಿತ್ತು.